ತಾಮ್ರದ ಹಂಡೆಯಲ್ಲಿ ಹುಳಿ

ಆ ದಿನ ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಸುದ್ದಿ ಬಾಯಿಂದ ಬಾಯಿಗೆ ದಾಟಿ ಇಂಡಿ ಊರಿನ ಸಂತೆ ಮುಟ್ಟುವ ಹೊತ್ತಿಗೆ ಅದರಲ್ಲಿ ಹೆಣಗಳೂ ಸೇರಿಕೊಂಡಿದ್ದವು. ವಾಂತಿ ಮಾಡಿಕೊಂಡವರೆಲ್ಲ ಮರುದಿನ ಎದ್ದು ರೊಟ್ಟಿ ತಿಂದರು. ಆದರೂ ಆ ಅಂಗಳದಲ್ಲಿ ಗಂಡಸರು ಒಬ್ಬರ ಹಿಂದೆ ಒಬ್ಬರು ಗೋಡೆ ಹಿಡಿದು ಬಗ್ಗಿದ್ದನ್ನು, ಒಬ್ಬ ಮುದುಕರು ಕಟ್ಟೆಗೆ ಒರಗಿ ಬೆವರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನಿಧಾನವಾಗಿ, ಕಂಡದ್ದನ್ನು ಕಂಡದ್ದೆಂದು, ಊಹಿಸಿದ್ದನ್ನು ಊಹೆಯೆಂದು ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಮನೆ ಇಂಡಿ ತಾಲೂಕಿನಲ್ಲಿ, ತಾಂಬಾದ ಹತ್ತಿರದ ಒಂದು ಹಳ್ಳಿಯಲ್ಲಿ. ಅವ್ವ ನನ್ನ ತಂಗಿಯನ್ನು ಹೆತ್ತ ಮೇಲೆ ಬಹಳ ದಿನ ಉಳಿಯಲಿಲ್ಲ. ನಮ್ಮಿಬ್ಬರನ್ನೂ ಬೆಳೆಸಿದವಳು ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಆಕೆಯ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ತಂಗಿಗೆ ಅವ್ವ ಅಂದರೆ ಆಕೆಯೇ.

ಬಾವಿಯ ಸುತ್ತ ನಮ್ಮದೊಂದಿಷ್ಟು ನಿಂಬೆಗಿಡಗಳಿದ್ದವು. ಮಳೆಗಾಲದಲ್ಲಿ ಹಣ್ಣು ಚೀಲಗಟ್ಟಲೆ ಬೀಳುತ್ತಿತ್ತು. ಬೇಸಿಗೆಯಲ್ಲಿ, ಬೇಕಾದಾಗಲೇ, ಒಂದೂ ಸಿಗುತ್ತಿರಲಿಲ್ಲ. ಬೆಲ್ಲದ ಪಾನಕಕ್ಕೆ ನಿಂಬೆ ಹಿಂಡದಿದ್ದರೆ ನಮ್ಮ ಮನೆಯಲ್ಲಿ ಅದಕ್ಕೆ ಪಾನಕ ಅನ್ನುತ್ತಿರಲಿಲ್ಲ. ಹಾಗಾಗಿ ದೊಡ್ಡವ್ವ ಬೇಸಿಗೆಗೆಂದು ಅಂಗಡಿಯಿಂದ ನಿಂಬೆ ಉಪ್ಪು ತರಿಸಿ ಇಟ್ಟುಕೊಳ್ಳುತ್ತಿದ್ದಳು. ಸಕ್ಕರೆಯಂತೆ ಬೆಳ್ಳಗಿನ ಹರಳು. ಒಂದು ಚಿಟಿಕೆ ಹಾಕಿದರೆ ಒಂದು ತಂಬಿಗೆ ನೀರು ಹುಳಿಯಾಗುತ್ತದೆ. ನಾವು ಚಿಕ್ಕವರಿದ್ದಾಗಿನಿಂದ ಅದನ್ನು ಕುಡಿದೇ ಬೆಳೆದವರು.

ತಂಗಿಗೆ ಮುದ್ದೇಬಿಹಾಳ ತಾಲೂಕಿನ ಕಡೆಯಿಂದ ಸಂಬಂಧ ಕೂಡಿ ಬಂತು. ತಂಗಡಗಿಯಿಂದ ಸ್ವಲ್ಪ ಈಚೆಗೆ, ಕೃಷ್ಣೆಯ ದಂಡೆಯ ಊರು. ಹುಡುಗ ಒಳ್ಳೆಯವನು, ಮನೆ ದೊಡ್ಡದು. ಯುಗಾದಿ ಮುಗಿದ ಮೇಲೆ ನಮ್ಮವರು ಅವರ ಮನೆ ನೋಡಲು ಹೋಗಬೇಕು, ಅಲ್ಲಿಯೇ ನಿಶ್ಚಯದ ಮಾತು ಆಗಬೇಕು ಎಂದು ಗೊತ್ತಾಯಿತು. ಅಪ್ಪ, ದೊಡ್ಡವ್ವ ಮತ್ತು ಊರಿನ ನಾಲ್ವರು ಹಿರಿಯರು ಬೆಳಗಿನ ಬಸ್ಸಿಗೆ ಹೊರಟರು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ದೊಡ್ಡವ್ವ ಸ್ಟ್ಯಾಂಡಿನ ಎದುರಿನ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪಿನ ಒಂದು ಪಾಕೀಟು ಕೊಂಡಳಂತೆ. ನಾನು ಬಾಗೇವಾಡಿಯಲ್ಲಿ ಅವರನ್ನು ಕೂಡಿಕೊಂಡೆ.

ಬೀಗರ ಊರು ಮುಟ್ಟಿದಾಗ ಬಿಸಿಲು ಇನ್ನೂ ಪೂರ್ತಿ ಏರಿರಲಿಲ್ಲ. ಆದರೆ ಮಾತಿಗೆ ಕೂಡಬೇಕಾದ ಅವರ ಕಡೆಯ ಹಿರಿಯರು ಮುದ್ದೇಬಿಹಾಳದಿಂದ ಬರಬೇಕಿತ್ತು. ಅವರ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ಕಾಯುವುದೆಂದಾಯಿತು. ಅಡುಗೆ ಮನೆಯಲ್ಲಿ ಬೆಲ್ಲನೀರಿನ ತಯಾರಿ ನಡೆದಿತ್ತು. ದೊಡ್ಡವ್ವ ತಾನು ಪಾನಕ ಮಾಡುತ್ತೇನೆಂದಳು. ಹುಡುಗನ ತಾಯಿ, ನಮ್ಮ ಬೀಗತಿ, ಖುಷಿಯಿಂದಲೇ ಬೆಲ್ಲ ಮುಂದಿಟ್ಟರು. ದೊಡ್ಡವ್ವ ಒಂದು ಮಣ್ಣಿನ ಹರವಿಯಲ್ಲಿ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಏಲಕ್ಕಿ ಕುಟ್ಟಿ ಹಾಕಿ, ನಿಂಬೆ ಉಪ್ಪು ಬೆರೆಸಿದಳು. ಒಳಗಿದ್ದ ಹೆಂಗಸರು ವಾಟಗಗಳಲ್ಲಿ, ಅಂದರೆ ಸಣ್ಣ ಬಟ್ಟಲುಗಳಲ್ಲಿ, ರುಚಿ ನೋಡಿದರು. ಚೆನ್ನಾಗಿದೆಯೆಂದು ಇನ್ನೊಮ್ಮೆ ನೋಡಿದರು. ಆಗ ಅಡುಗೆ ಮನೆಯಲ್ಲಿ ನಗು ಇತ್ತು.

ಆಮೇಲೆ ದೊಡ್ಡವ್ವ ಹಿತ್ತಿಲಿಗೆ ಹೋಗಿ ಕುಳಿತಳು. ಹೋಗು ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಒಳ್ಳೆಯ ಮಾತು ನಡೆಯುವಾಗ ಗಂಡ ಸತ್ತವಳು ಎದುರಿಗಿರಬಾರದೆಂಬುದು ಆಕೆಗೆ ಹೇಳಿಸಿಕೊಳ್ಳದೆ ರೂಢಿಯಾಗಿತ್ತು.

ಆಕೆ ಎದ್ದು ಹೋದ ಮೇಲೆ ನಡೆದದ್ದನ್ನು ನಾನು ನೋಡಿದೆ, ಆದರೆ ಆಗ ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಪಡಸಾಲೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ನೀರು ಕಾಯಿಸುವ ಹಂಡೆಯಲ್ಲ, ಮದುವೆ ಹಬ್ಬಗಳಲ್ಲಿ ಬಂದವರಿಗೆ ಕುಡಿಯುವ ನೀರು, ಬೆಲ್ಲನೀರು ತುಂಬಿಡುವ ಹಂಡೆ. ಅದಕ್ಕೆ ಕಲಾಯಿ ಹಾಕಿಸುವ ಪದ್ಧತಿ ಇರಲಿಲ್ಲ. ನೀರಿಗೆ ಕಲಾಯಿ ಯಾಕೆ ಬೇಕು? ಬೀಗತಿ ಹಿಂದಿನ ದಿನ ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ತಿಕ್ಕಿದ್ದರು. ಸೂರ್ಯನನ್ನು ತಂದು ಕೂಡಿಸಿದ ಹಾಗೆ ಹೊಳೆಯುತ್ತಿತ್ತು. ಬೀಗರ ಮುಂದೆ ಮಣ್ಣಿನ ಹರವಿ ಇಡುವುದು ಬಡತನ ಕಾಣಿಸುತ್ತದೆಂದು ಅವರು ಇನ್ನೊಬ್ಬ ಹೆಂಗಸಿನ ಕೈ ಹಿಡಿಸಿ ಹರವಿಯನ್ನು ಎತ್ತಿ ಪಾನಕವನ್ನೆಲ್ಲ ಹಂಡೆಗೆ ಸುರಿದರು. ಮೇಲೆ ಹಸಿ ಬಟ್ಟೆ ಮುಚ್ಚಿದರು.

ಮುದ್ದೇಬಿಹಾಳದವರು ಬಂದಾಗ ಸೂರ್ಯ ನೆತ್ತಿ ದಾಟಿದ್ದ. ಮಾತು ಚೆನ್ನಾಗಿಯೇ ನಡೆಯಿತು. ಪಾನಕ ಮೊದಲು ಗಂಡಸರಿಗೆ ಬಂತು. ಸಾಲಿ ಅಕ್ಕಾರು, ಶಾಲೆಯಲ್ಲಿ ಕಲಿಸುವವರು, ಎಂದು ನನಗೂ ಅವರ ಜೊತೆ ಒಂದು ಲೋಟ ಕೊಟ್ಟರು. ನಾನು ಅರ್ಧ ಕುಡಿದು ಇಟ್ಟೆ. ಚಿಕ್ಕಂದಿನಲ್ಲಿ ತಾಮ್ರದ ದುಡ್ಡನ್ನು ಬಾಯಲ್ಲಿಟ್ಟುಕೊಂಡಾಗಿನ ರುಚಿ ನಾಲಿಗೆಯ ಬುಡದಲ್ಲಿ ನಿಂತಿತು. ಬೆಲ್ಲದ್ದೇನೋ ಒಗರು ಎಂದುಕೊಂಡೆ. ಬಿಸಿಲಲ್ಲಿ ಕಾದು ಬಾಯಾರಿದ್ದವರು ಎರಡು ಮೂರು ಲೋಟ ಕುಡಿದರು.

ಎಲೆ ಹಾಕುವಷ್ಟರಲ್ಲಿ ಮೊದಲನೆಯವರು ಎದ್ದು ಹೊರಗೆ ಓಡಿದರು.

ಮುಂದಿನದನ್ನು ಆಗಲೇ ಹೇಳಿದ್ದೇನೆ. ನಾನೂ ಗೋಡೆ ಹಿಡಿದು ಕಾರಿಕೊಂಡೆ. ಯಾರೋ ಓಡಿ ಹೋಗಿ ಪಕ್ಕದ ಊರಿನ ಕಾಂಪೌಂಡರನನ್ನು ಕರೆತಂದರು. ಆತ ಎಲ್ಲರಿಗೂ ನೀರು ಕುಡಿಸಿ, ಏನು ತಿಂದಿರಿ, ಏನು ಕುಡಿದಿರಿ ಎಂದು ಕೇಳುತ್ತ ಅಡುಗೆ ಮನೆಗೆ ಹೋದ. ಅರ್ಧ ಉಳಿದಿದ್ದ ಪಾಕೀಟು ಹಿಡಿದುಕೊಂಡು ಹೊರಗೆ ಬಂದ. ಅದರ ಮೇಲಿನ ಇಂಗ್ಲಿಷ್ ಅಕ್ಷರವನ್ನು ಎಲ್ಲರಿಗೂ ಕೇಳುವಂತೆ ಕೂಡಿಸಿ ಓದಿದ. ಸಿಟ್ರಿಕ್ ಆ್ಯಸಿಡ್.

ಮೊದಲನೆಯ ಶಬ್ದ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು ಎಲ್ಲರಿಗೂ ಗೊತ್ತಿತ್ತು. ಅಕ್ಕಸಾಲಿಗನ ಅಂಗಡಿಯಲ್ಲಿ ಗಾಜಿನ ಬಾಟಲಿಯಲ್ಲಿ ಹೊಗೆಯಾಡುವುದು ಅದು, ಟ್ರ್ಯಾಕ್ಟರಿನ ಬ್ಯಾಟರಿಯಿಂದ ಸಿಡಿದು ಧೋತರ ತೂತು ಮಾಡುವುದು ಅದು. ಹಿತ್ತಿಲಿನಿಂದ ಓಡಿ ಬಂದಿದ್ದ ದೊಡ್ಡವ್ವ ಕಟ್ಟೆಗೆ ಒರಗಿದ್ದ ಆ ಮುದುಕರಿಗೆ ಗಾಳಿ ಹಾಕುತ್ತಿದ್ದಳು. ಯಾರೋ ಆಕೆಯ ಕೈಯಿಂದ ಬೀಸಣಿಗೆ ಕಸಿದುಕೊಂಡರು. ಹೆಂಗಸರಿಗೆ ಏನೂ ಆಗಿಲ್ಲ, ಗಂಡಸರಿಗಷ್ಟೇ ಆಗಿದೆ, ಅಂದಮೇಲೆ ಬೇಕಂತಲೇ ಮಾಡಿದ್ದಾಳೆ ಎಂದು ಒಬ್ಬರು ಅಂದರು. ಗಂಡನನ್ನು ತಿಂದವಳು ಇನ್ನೊಬ್ಬರ ಗಂಡಂದಿರನ್ನು ಬಿಟ್ಟಾಳೇ ಎಂದು ಇನ್ನೊಬ್ಬರು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ನನ್ನ ಮಗ್ಗುಲಲ್ಲೇ ನಿಂತು ಅಂದರು.

ಊರಿಗೆ ಮರಳಿದ ಕೆಲವು ದಿನಗಳಲ್ಲಿ ಸಂಬಂಧ ಕೂಡಿಸಿದ್ದ ಹಿರಿಯರು ನಮ್ಮ ಮನೆಗೆ ಬಂದರು. ಬೀಗರು ಸಂಬಂಧ ಮುರಿದಿಲ್ಲ, ದೊಡ್ಡ ಮನಸ್ಸಿನವರು ಎಂದು ಮೊದಲು ಹೊಗಳಿದರು. ಮದುವೆ ಅವರ ಊರಲ್ಲೇ, ವೈಶಾಖದಲ್ಲಿ. ಆದರೆ ಎರಡು ಮಾತು. ಆ ಹೆಣ್ಣುಮಗಳು ಹಿರಿಯರ ಮುಂದೆ ತಪ್ಪಾಯಿತು ಅನ್ನಬೇಕು. ಮತ್ತು ಮದುವೆಗೆ ಆಕೆ ಬರಕೂಡದು.

ಅಪ್ಪ ಕೆಟ್ಟವನಲ್ಲ. ಅಂಜಿದ್ದ, ಅಷ್ಟೇ. ಅವರು ಹೋದ ಮೇಲೆ ಕಂಬಕ್ಕೆ ಒರಗಿ ಕುಳಿತ. ಆಮೇಲೆ ದೊಡ್ಡವ್ವನ ಕಡೆ ನೋಡದೆ ಹೇಳಿದ:

"ವೈನಿ, ಒಂದ್ ಮಾತು ತಪ್ಪಾತಂದ್ರ ಏನ ಹೋಗತೈತಿ? ಹುಡುಗಿ ಬಾಳೇವಿನ ಮಾತೈತಿ."

ದೊಡ್ಡವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಹುಡುಗಿ ಬಾಳೇವಿನ ಮಾತಂತ ನನಗೂ ಗೊತ್ತೈತಿ. ಕಾಲಿಗೆ ಬೀಳಂದ್ರ ಬೀಳತೇನಿ, ಹಿರಿಯರು ಅದಾರ. ವಿಷಾ ಹಾಕೇನಂತ ಒಪ್ಪಗೋ ಅಂದ್ರ ಒಪ್ಪೂದಿಲ್ಲ. ನಾಳೆ ಆಕಿ ಅತ್ತಿಮನ್ಯಾಗ ವಿಷಾ ಹಾಕಿದಾಕಿ ಮಗಳಂತ ಅನಿಸಿಗೊಂಡು ರೊಟ್ಟಿ ಬಡೀಬೇಕೇನು?"

ಒಳಗಿನಿಂದ ತಂಗಿ ಹೊರಗೆ ಬಂದಳು. ದೊಡ್ಡವ್ವ ಇಲ್ಲದ ಮದುವೆ ಹಂದರಕ್ಕೆ ತಾನೂ ಹೋಗುವುದಿಲ್ಲವೆಂದಳು. ಅಪ್ಪ ನನ್ನ ಮುಖ ನೋಡಿದ. ನೀನು ವಿಜ್ಞಾನ ಕಲಿಸುವವಳು, ಅದು ವಿಷವೋ ಅಲ್ಲವೋ ಹೇಳು ಎಂದ.

ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ನಾನೇ ಗೋಡೆ ಹಿಡಿದು ಕಾರಿಕೊಂಡಿದ್ದೆನಲ್ಲ. ಪಾಕೀಟಿನಲ್ಲಿ ಬೇರೇನಾದರೂ ಬೆರೆತಿದ್ದರೆ? ಪುಸ್ತಕದಲ್ಲಿದ್ದದ್ದು ಒಂದು ಮಾತು, ಅಂಗಳದಲ್ಲಿ ಕಂಡದ್ದು ಇನ್ನೊಂದು. ಎರಡಕ್ಕೂ ನಡುವೆ ಏನೋ ಬಿಟ್ಟುಹೋಗಿದೆ ಅನ್ನಿಸಿ, ನೋಡಿ ಹೇಳುತ್ತೇನೆ ಎಂದಷ್ಟೇ ಉತ್ತರ ಕೊಟ್ಟೆ. ಕಾಂಪೌಂಡರನಿಂದ ಕೇಳಿ ಇಸಿದುಕೊಂಡಿದ್ದ ಆ ಅರ್ಧ ಪಾಕೀಟನ್ನು ತೆಗೆದುಕೊಂಡು ಬಾಗೇವಾಡಿಗೆ ಮರಳಿದೆ.

ಬೇಸಿಗೆಯ ಮುಂಜಾನೆ ಶಾಲೆ. ಹತ್ತು ಗಂಟೆಯ ಹೊತ್ತಿಗೆ ಮಕ್ಕಳು ಮನೆಗೆ ಹೋಗಿಬಿಡುತ್ತಿದ್ದರು. ಹೆಡ್‌ಮಾಸ್ತರರನ್ನು ಕೇಳಿ ಪ್ರಯೋಗದ ಕೋಣೆಯ ಕೀಲಿ ಇಟ್ಟುಕೊಂಡೆ. ಮೊದಲು ಪುಸ್ತಕಗಳಲ್ಲಿ ಓದಿದ್ದನ್ನು ಮತ್ತೆ ಓದಿದೆ. ನಿಂಬೆಯನ್ನು ಹುಳಿ ಮಾಡುವುದು ಯಾವುದೋ, ಈ ಹರಳೂ ಅದೇ. ನಿಂಬೆಹಣ್ಣನ್ನು ಹಿಂಡಿ ತೆಗೆಯುವುದು ಈಗ ಕಡಿಮೆ, ಸಕ್ಕರೆಯ ನೀರಿನಲ್ಲಿ ಒಂದು ಬಗೆಯ ಬೂಷ್ಟು ಬೆಳೆಸಿ ಕಾರ್ಖಾನೆಯಲ್ಲಿ ತೆಗೆಯುತ್ತಾರೆ. ಆದರೆ ಬಂದ ವಸ್ತುವಿನಲ್ಲಿ ಭೇದವಿಲ್ಲ. ನಾವು ಉಂಡ ಅನ್ನವನ್ನು ಶಕ್ತಿ ಮಾಡಿಕೊಳ್ಳುವಾಗ ನಮ್ಮ ಮೈಯೊಳಗೂ ಅದು ಹುಟ್ಟುತ್ತದೆ, ಕರಗುತ್ತದೆ. ಹಾಗೆಂದು ಮುಷ್ಟಿಗಟ್ಟಲೆ ತಿನ್ನುವಂಥದ್ದೂ ಅಲ್ಲ. ಹರಳನ್ನು ಹಾಗೇ ಚೀಪುತ್ತಿದ್ದರೆ ಹಲ್ಲು ಸವೆಯುತ್ತವೆ, ಬಾಯಿ ಹುಣ್ಣಾಗುತ್ತದೆ. ಅತಿಯಾದರೆ ಹೊಟ್ಟೆ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಸುಡುತ್ತದೆ. ನಿಂಬೆರಸವೂ ಸುಡುತ್ತದೆ.

ಅಂಗಳವನ್ನು ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಹೆಂಗಸರಿಗೆ ಏನೂ ಆಗಿಲ್ಲ ಎಂದು ಆ ಬಾಯಿ ಸುಮ್ಮನೆ ಆಡಿದ್ದಲ್ಲ, ನಿಜವನ್ನೇ ಆಡಿತ್ತು. ಹೆಂಗಸರೂ ಕುಡಿದಿದ್ದರು. ಒಳಗೆ, ಹರವಿಯಿಂದ, ಸುರಿಯುವ ಮೊದಲು. ಗಂಡಸರು ಕುಡಿದದ್ದು ಹಂಡೆಯಿಂದ. ಗಂಡಸರ ಜೊತೆ ಕುಡಿದ ಹೆಂಗಸು ನಾನೊಬ್ಬಳು. ಕಾರಿಕೊಂಡ ಹೆಂಗಸೂ ನಾನೊಬ್ಬಳೇ.

ಭೇದ ಇದ್ದದ್ದು ಹರಳಿನಲ್ಲಲ್ಲ, ಪಾತ್ರೆಯಲ್ಲಿ.

ಬಾಗೇವಾಡಿಯಲ್ಲಿ ನಾನಿದ್ದ ಮನೆಯಿಂದ ಒಂದು ತಾಮ್ರದ ತಂಬಿಗೆ ತಂದೆ. ಹುಣಸೆ ಹಚ್ಚಿ ಒಳಗೆ ತಿಕ್ಕಿದೆ. ಅದರಲ್ಲೂ ಒಂದು ಗಾಜಿನ ಬೀಕರಿನಲ್ಲೂ ನಿಂಬೆ ಉಪ್ಪಿನ ನೀರನ್ನು ಸಮನಾಗಿ ಹಾಕಿಟ್ಟೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಟ್ಟೆ. ನೋಡಲು ಎರಡೂ ನೀರಿನಂತೆಯೇ ಇದ್ದವು. ತಂಬಿಗೆಯದನ್ನು ಬೆಳಕಿಗೆ ಹಿಡಿದಾಗ ಒಂದಿಷ್ಟು ಹಸಿರು ಛಾಯೆ ಕಂಡಂತಾಯಿತು. ಬೆಲ್ಲದ ಕೆಂಪಿನಲ್ಲಾದರೆ ಅದು ಯಾರಿಗೆ ಕಂಡೀತು? ಎರಡರಿಂದಲೂ ಸ್ವಲ್ಪ ಪ್ರನಾಳಗಳಿಗೆ ಸುರಿದು ಅಮೋನಿಯಾ ಹನಿಸಿದೆ. ಗಾಜಿನಲ್ಲಿದ್ದದ್ದು ಹಾಗೇ ಉಳಿಯಿತು. ತಂಬಿಗೆಯದು ನೀಲಿಯಾಯಿತು. ತಾಮ್ರ ಕರಗಿದ್ದರೆ ಮಾತ್ರ ಬರುವ ನೀಲಿ ಅದು. ಆ ದಿನದ ಹಂಡೆಯಲ್ಲಿ ಎಷ್ಟು ತಾಮ್ರ ಇಳಿದಿತ್ತೆಂದು ನಾನು ಹೇಳಲಾರೆ, ಆ ಪಾನಕವನ್ನು ಆಗಲೇ ತಿಪ್ಪೆಗೆ ಚೆಲ್ಲಿದ್ದರು. ಆದರೆ ಕರಗಿದ ತಾಮ್ರ ಹೊಟ್ಟೆಗೆ ಹೋದರೆ ಹೊಟ್ಟೆ ಅದನ್ನು ಬೇಗನೆ ಹೊರಗೆ ತಳ್ಳುತ್ತದೆಂಬುದು ಗೊತ್ತಿದ್ದ ಸಂಗತಿ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಿಂಬೆ ಉಪ್ಪಿನ ಮೇಲಿನ ಅಪವಾದ ತೆಗೆಯಬೇಕೆಂದರೆ ಹಂಡೆಯ ಮಾತು ಎತ್ತಬೇಕು. ಹಂಡೆ ಬೀಗತಿಯದು. ತಿಕ್ಕಿದವರು ಅವರು, ಸುರಿದವರು ಅವರು, ಅದೂ ನಮ್ಮ ಮರ್ಯಾದೆಗೆಂದೇ. ನಾಳೆ ನನ್ನ ತಂಗಿ ಅವರ ಕೈಕೆಳಗೆ ಬಾಳಬೇಕು. ಊರಿಗೆ ಹೋಗಿ ಇದನ್ನೆಲ್ಲ ಹೇಳಿದಾಗ ಅಪ್ಪ ಎರಡೂ ಕೈ ಮುಗಿದು, ಇದನ್ನು ಇಲ್ಲಿಗೇ ಬಿಟ್ಟುಬಿಡು ಎಂದ. ದೊಡ್ಡವ್ವ ಮಾತ್ರ ಪೂರ್ತಿ ಕೇಳಿಸಿಕೊಂಡಳು. ಹಂಡೆಗೆ ಸುರಿದದ್ದು ಆಕೆಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ. ಪಡಸಾಲೆಯಲ್ಲಿ ಇದ್ದಿದ್ದರೆ ಹುಳಿಯನ್ನು ತಾಮ್ರಕ್ಕೆ ಸುರಿಯಲು ಬಿಡುತ್ತಿದ್ದಳೇ? ಬಿಡುತ್ತಿರಲಿಲ್ಲ. ಹುಳಿಯೆಂದು ನೆನಪಿದ್ದರೆ ಯಾವ ಹೆಂಗಸೂ ಬಿಡುವುದಿಲ್ಲ. ಬರೀ ಬೆಲ್ಲನೀರಿನಂತೆ ಕಾಣುವ, ಬೆಲ್ಲದ ವಾಸನೆಯ ಪಾನಕದಲ್ಲಿ ಹುಳಿ ಇದೆಯೆಂಬುದು ಬೀಗತಿಯ ನೆನಪಿನಿಂದ ಆ ಗಡಿಬಿಡಿಯಲ್ಲಿ ಜಾರಿತ್ತು. ಅವರ ಮನೆಯಲ್ಲಿ ಬೆಲ್ಲನೀರು ಮೊದಲಿನಿಂದಲೂ ಹಂಡೆಯಲ್ಲೇ, ಹುಳಿ ಇಲ್ಲದೆ. ನೆನಪಿನಲ್ಲಿಡಬೇಕಾದವಳು ಹಿತ್ತಿಲಿನಲ್ಲಿದ್ದಳು.

ನಾವಿಬ್ಬರೇ ಹೊರಟೆವು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ದೊಡ್ಡವ್ವ ಅದೇ ಅಂಗಡಿಗೆ ಹೋಗಿ ಇನ್ನೊಂದು ಪಾಕೀಟು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬೀಗರು, ಅಂದರೆ ಹುಡುಗನ ತಂದೆ, ಪಡಸಾಲೆಯಲ್ಲಿ ಕುಳಿತಿದ್ದರು. ಬರಬೇಕೆಂದರು, ಕೂಡಲು ಹೇಳಿದರು, ನೀರು ಕೊಡಿಸಿದರು. ದೊಡ್ಡವ್ವನನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಬೀಗತಿ ಅಡುಗೆ ಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತರು. ತಪ್ಪು ಒಪ್ಪಿಕೊಳ್ಳಲು ಬಂದಿದ್ದೇವೆಂದು ಅವರು ತಿಳಿದಿದ್ದರೇನೋ. ಅದಕ್ಕೆ ಬಂದಿಲ್ಲ ಎಂದು ನಾನು ಮೊದಲೇ ಹೇಳಿದೆ.

"ನೋಡ್ರಿ ಅಕ್ಕಾರ," ಅಂದರು ಬೀಗರು, "ಚೀಟಿ ಮ್ಯಾಲೆ ಆ್ಯಸಿಡ್ ಅಂತ ಬರದೈತಿ. ನಾವು ಹಳ್ಳಿ ಅಡ್ನಾಡಿ ಮಂದಿ ಇರಬಹುದು, ಕುರುಡರಲ್ಲ."

"ಆ್ಯಸಿಡ್ ಅಂದ್ರ ಹುಳಿ ಅಷ್ಟರೀ. ಸುಡೂದೂ ಐತಿ, ತಿನ್ನೂದೂ ಐತಿ. ಹುಣಸಿಹಣ್ಣಿನ್ಯಾಗ ಒಂದು ಐತಿ, ಮಸರಿನ್ಯಾಗ ಒಂದು ಐತಿ."

"ಮಸರು ಉಂಡು ನಮ್ಮ ಮನ್ಯಾಗ ಇಷ್ಟ ದಿನಾ ಯಾರೂ ಕಾರಿಕೊಂಡಿಲ್ಲ ನೋಡ್ರಿ."

ದೊಡ್ಡವ್ವ ಸೊಂಟದಿಂದ ಪಾಕೀಟು ತೆಗೆದು ಹರಿದಳು. ಚಿಟಿಕೆ ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಕೊಟ್ಟಿದ್ದ ನೀರಿನ ಗಾಜಿನ ಲೋಟಕ್ಕೆ ಇನ್ನೊಂದು ಚಿಟಿಕೆ ಹಾಕಿ, ಬೆರಳಲ್ಲಿ ತಿರುವಿ, ಎಲ್ಲರೆದುರಿಗೆ ಕುಡಿದಳು. ಬೀಗರು ನಕ್ಕರು. ಲಿಂಬಿ ನಾಡಿನವರು, ನಾಲಿಗೆ ದಪ್ಪ ಇರುತ್ತದೆ ಎಂದರು.

"ದಪ್ಪ ಇದ್ರ ಇರಲಿ ಬಿಡ್ರಿ," ಅಂದಳು ದೊಡ್ಡವ್ವ. "ಸುಳ್ಳು ಹೇಳಾಕ ತಿರುಗೂದಿಲ್ಲ."

ಇನ್ನು ನನ್ನ ಮಾತು ಉಳಿದಿತ್ತು. ಅದು ಎಲ್ಲಿ ಹೋಗಿ ಬೀಳುತ್ತದೆಂದು ಗೊತ್ತಿದ್ದೂ ಆಡಿದೆ.

"ಮಸರು ತಾಮ್ರದಾಗ ಇಡತೀರೇನ್ರಿ?"

ಬೀಗರಿಗೆ ಅದರ ಅರ್ಥ ಕೂಡಲೇ ಆಗಲಿಲ್ಲ. ಬಾಗಿಲಲ್ಲಿದ್ದವರಿಗೆ ಆಯಿತು. ಅವರ ಕೈ ಸೆರಗಿನಿಂದ ಜಾರಿ ಬಾಗಿಲ ಚೌಕಟ್ಟನ್ನು ಹಿಡಿಯಿತು. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದೆ. ಹರವಿ, ಹಂಡೆ, ಒಳಗೆ ಕುಡಿದವರು, ಹೊರಗೆ ಕುಡಿದವರು, ಶಾಲೆಯ ಕೋಣೆಯ ನೀಲಿ. ಅವರ ಮೇಲೆ ತಪ್ಪು ಹೊರಿಸುವ ಒಂದು ಶಬ್ದವನ್ನೂ ಬಳಸಲಿಲ್ಲ. ಬಳಸುವ ಅಗತ್ಯವೂ ಇರಲಿಲ್ಲ.

ನಮ್ಮ ಮನೆಯ ಹಂಡೆಗೆ ಕೆಟ್ಟ ಹೆಸರಿಡಲು ಬಂದಿರೇನು ಎಂದು ಬೀಗರು ಎದ್ದು ನಿಂತರು. ಅವರ ಅವ್ವನ ಕಾಲದ ಹಂಡೆಯಂತೆ. ಹೆಣ್ಣು ಕೊಡುವವರು ಇಷ್ಟು ಮಾತಾಡುವುದನ್ನು ಕೇಳಿಲ್ಲವೆಂದರು. ಸಂಬಂಧ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಬಾಗಿಲ ಕಡೆಯಿಂದ ಮಾತು ಬಂತು.

"ನಾನೂ ಕುಡದಿದ್ದೆ. ಹರವ್ಯಾಗಿಂದು. ಎರಡ ವಾಟಗ. ನನಗೇನೂ ಆಗಲಿಲ್ಲ."

"ನೀ ಸುಮ್ನಿರು."

"ಹೆಂಗ ಸುಮ್ನಿರಲಿ? ಹಂಡೆ ತಿಕ್ಕಿದಾಕಿ ನಾನು, ಸುರುವಿದಾಕಿ ನಾನು. ಹುಣಸಿಹಣ್ಣು ಹಚ್ಚಿ ತಿಕ್ಕಿದಾಗ ಕೈಯೆಲ್ಲಾ ಹಸರ ಆಗತೈತಿ. ಹುಳಿ ಹಾಕಿಟ್ರ ಆ ಹಸರ ಎಲ್ಲಿ ಹೋಗತೈತಿ, ಹೊಟ್ಟಿಗೇ ಹೋಗತೈತಿ." ಅವರು ಪಡಸಾಲೆಗೆ ಬಂದು ದೊಡ್ಡವ್ವನ ಪಕ್ಕದಲ್ಲಿ ನಿಂತರು. "ಮಂದಿ ಆಕೀನ್ನ ಅಂದಿದ್ದೆಲ್ಲಾ ನಾ ಕೇಳೇನಿ. ತಪ್ಪು ಮಾಡಿದಾಕಿ ಲಗ್ನಕ್ಕ ಬರಬಾರದಂತ ನೀವ ಅಂದೀರಿ. ಹಂಗಾರ ನಾನೂ ಬರೂದಿಲ್ಲ. ಮಗನ ಲಗ್ನಾ ನೀವೊಬ್ಬರ ಮಾಡ್ರಿ."

ಬೀಗರು ಹೆಂಡತಿಯನ್ನು ನೋಡಿದರು. ಅಷ್ಟು ವರ್ಷದಲ್ಲಿ ಗಂಡನಿಗೆ ಎದುರಾಗಿ ಆಕೆ ಪಡಸಾಲೆಗೆ ಬಂದು ನಿಂತದ್ದು ಅದೇ ಮೊದಲಿರಬೇಕು. ಇದು ನನ್ನ ಊಹೆ. ಅವರು ಮತ್ತೆ ಕುಳಿತರು. ತಪ್ಪು ಯಾರದೆಂದು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಿಂಬೆ ಉಪ್ಪನ್ನು ಕೊನೆಯವರೆಗೂ ಆ್ಯಸಿಡ್ ಎಂದೇ ಕರೆದರು. ನಾವು ಹೊರಟು ಚಪ್ಪಲಿ ಮೆಟ್ಟುವಾಗ ಮಾತ್ರ ಎದುರಿನ ಗೋಡೆಗೆ ಹೇಳುವಂತೆ ಹೇಳಿದರು:

"ಲಗ್ನಕ್ಕ ಎಲ್ಲಾರೂ ಬರ್ರಿ."

ದೊಡ್ಡವ್ವ ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

"ನೀವು ಕರದ್ರಂತ ಬರೂದಲ್ರಿ ಬೀಗರ. ನನ್ನ ಮಗಳ ಲಗ್ನ ಐತಿ. ಕರೀದಿದ್ರೂ ಬರಾಕಿನ ಇದ್ದೆ."

ಬಂದಳು. ವೈಶಾಖದ ಬಿಸಿಲಿನಲ್ಲಿ, ಹಂದರದ ಕೆಳಗೆ, ಹೆಂಗಸರ ಮೊದಲ ಸಾಲಿನಲ್ಲಿ ನಿಂತಳು. ಯಾರೋ ಹಿಂದಿನಿಂದ ಆಕೆಯ ಮೊಣಕೈ ಜಗ್ಗಿ, ಹಿತ್ತಿಲ ಕಡೆ ನೆರಳಿದೆ, ಅಲ್ಲಿ ಕೂತುಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ತನಗೆ ಬಿಸಿಲು ಹತ್ತುವುದಿಲ್ಲವೆಂದಳು ದೊಡ್ಡವ್ವ. ಬೀಗತಿ ಅಕ್ಷತೆಯ ಅಕ್ಕಿಕಾಳಿನ ತಾಟು ಹಿಡಿದು ಸಾಲಿನುದ್ದಕ್ಕೂ ಬಂದರು. ಆಕೆಯ ಮುಂದೆ ನಿಂತು ತಾಟು ಚಾಚಿದರು. ದೊಡ್ಡವ್ವ ಮುಷ್ಟಿ ತುಂಬ ತೆಗೆದುಕೊಂಡಳು.